ಕೊಯ್ದ ತುದಿ

ಮಾವನ ಕಾರ್ಖಾನೆಯಲ್ಲಿ ಮರಕ್ಕೆ ಮದ್ದು ಬಳಿದು ಬಳಿದು ದೊಡ್ಡಳಿಯನ ಬೆರಳುಗಳೇ ಗಿಳಿಯ ಬಣ್ಣಕ್ಕೆ ತಿರುಗಿದ್ದವು. ಆ ಹಸಿರು ಮದ್ದು ಕುಡಿದ ಮರದ ತಂಟೆಗೆ ಮಳೆ, ಬಿಸಿಲು, ಗೆದ್ದಲು ಯಾವುದೂ ಬರುತ್ತಿರಲಿಲ್ಲ. ಅವನ ತಂಟೆಗೆ ಬಂದವನು ಷಡ್ಡಕ, ಮಾವನ ಚಿಕ್ಕಳಿಯ.

"ಭಾವ, ಮರದ ಕಾಲ ಮುಗೀತು. ಮುಂದಿನ ತಿಂಗಳಿಂದ ಇಲ್ಲಿ ಪ್ಲಾಸ್ಟಿಕ್ ಹಲಗೆ, ಯಜಮಾನಿಕೆ ನಂದು. ಮಾವ ಒಪ್ಕೊಂಡಿದಾರೆ. ನೀವು ಗೇಟು ಕಾಯ್ಕೊಂಡಿರಿ, ಕೈಯಾದ್ರೂ ಬೆಳ್ಳಗಾಗುತ್ತೆ!"

"ಕೈ ಬೆಳ್ಳಗಾದ್ರೂ ಚಾಳಿ ಹೋಗುತ್ತಾ?" ಎಂದಳು ದೊಡ್ಡಳಿಯನ ಹೆಂಡತಿ. "ಪೊರಕೆ ಹಿಡಿ ಕೊಯ್ದ್ರೂ ತುದಿಗೆ ಮದ್ದು ಮುಟ್ಟಿಸ್ದೆ ಬಿಡಲ್ಲ ಇವ್ರು."

ಎಲ್ಲರೊಂದಿಗೆ ದೊಡ್ಡಳಿಯನೂ ನಕ್ಕ. ನಗುತ್ತಲೇ ಷಡ್ಡಕನ ಕತೆ ಮುಗಿಸುವುದೆಂದು ನಿಶ್ಚಯಿಸಿದ.

ಉಪಾಯ ಬೆಣ್ಣೆಯಷ್ಟು ನಯವಾಗಿತ್ತು. ಷಡ್ಡಕನದು ಮಹಡಿ ಮನೆ, ಹೊರಗಡೆಯಿಂದ ಕಡಿದಾದ ಮರದ ಮೆಟ್ಟಿಲು. ಬೆಳಿಗ್ಗೆ ಫೋನು ಕಿವಿಗಿಟ್ಟುಕೊಂಡು, ಕಾಲ ಕೆಳಗೆ ನೋಡದೆ ದಡದಡ ಇಳಿಯುವುದು ಅವನ ವಾಡಿಕೆ. ಜಂಬಕ್ಕೆ ಬಿದ್ದು ಆ ಮೆಟ್ಟಿಲಿಗೆ ಒಂದು ಹನಿ ಮದ್ದನ್ನೂ ಹಾಕಿಸಿರಲಿಲ್ಲ. ಅದು ಬೀದಿಗೆಲ್ಲ ಗೊತ್ತು. ಮದ್ದು ಕಾಣದ ಮೆಟ್ಟಿಲು ಲಡ್ಡು ಹಿಡಿದು, ಒಳಗೇ ಕೊಳೆತು ಮುರಿದರೆ ಯಾರನ್ನು ಹಿಡಿಯುತ್ತಾರೆ? ಮಳೆಯನ್ನೇ?

ಕೆಡವಿದ ಮನೆಯೊಂದರ ರಾಶಿಯಿಂದ, ಮೇಲೆ ಗಟ್ಟಿಯಾಗಿ ಕಂಡು ಒಳಗೆ ಪುಡಿಯಾಗಿದ್ದ ಹಲಗೆ ಆರಿಸಿ ತಂದ. ಕಾರ್ಖಾನೆ ಖಾಲಿಯಿದ್ದಾಗ ಷಡ್ಡಕನ ಬಗ್ಗೆಯೇ ಯೋಚಿಸುತ್ತ ಅಳತೆಗೆ ಕೊಯ್ದ. ಭಾನುವಾರ ಎಲ್ಲರೂ ಮಾವನ ಮನೆಯಲ್ಲಿ ಉಣ್ಣುತ್ತಿದ್ದಾಗ ತಲೆನೋವೆಂದು ಎದ್ದುಬಂದು, ಷಡ್ಡಕನ ಮನೆಯ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಕಿತ್ತು, ಇದನ್ನು ಕೂರಿಸಿದ. ಹಳೆಯ ಮೊಳೆ, ಹಳೆಯ ತೂತು. ಕೊಯ್ದ ತುದಿ ಪಕ್ಕದ ತೊಲೆಯಲ್ಲಿ ಕೊರೆದ ಸಂದಿಯೊಳಗೆ ಮರೆಯಾಯಿತು. ಕಿತ್ತ ಹಲಗೆ ಕಾರ್ಖಾನೆಯ ನೂರು ಹಲಗೆಗಳ ನಡುವೆ ನೂರೊಂದನೆಯದಾಯಿತು.

ರಾತ್ರಿ ಉಂಡು ಮೆಲ್ಲಗೆ ಹತ್ತಿದವನನ್ನು ಹಲಗೆ ಹೇಗೋ ತಾಳಿಕೊಂಡಿತು. ಸೋಮವಾರ ಬೆಳಿಗ್ಗೆ ಷಡ್ಡಕ ಮೆಟ್ಟಿಲ ಸಮೇತ ಇಳಿದ. ಪ್ರಾಣ ಉಳಿಯಿತು, ಸೊಂಟ ಉಳಿಯಲಿಲ್ಲ. ಸೊಂಟವಿಲ್ಲದ ಯಜಮಾನಿಕೆ ಎಲ್ಲಿಯದು? ಇಷ್ಟು ಸಾಕು ಎಂದುಕೊಂಡ ದೊಡ್ಡಳಿಯ.

"ಎಷ್ಟು ಸಲ ಬಡ್ಕೊಂಡೆ ಮಾವ! ನನ್ನ ಕುಂಚ ಈ ಮೆಟ್ಟಿಲನ್ನ ಮುಟ್ಟೋಕೂ ಬಿಡ್ಲಿಲ್ಲ ಪುಣ್ಯಾತ್ಮ," ಎಂದು ಮುರಿದ ಮೆಟ್ಟಿಲು ನೋಡಲು ಬಂದಿದ್ದ ಪೊಲೀಸಿನವನಿಗೂ ಕೇಳುವಂತೆ ಹಲುಬಿದ.

ಮಾವ ಮುರಿದ ತುಂಡನ್ನು ಎತ್ತಿ, ಸಂದಿಯಿಂದ ಕಿತ್ತುಬಂದಿದ್ದ ತುದಿಯನ್ನು ಮೂಸಿದರು. "ಮುಟ್ಟೇ ಇಲ್ವಾ ಅಳಿಯಂದ್ರೇ?" ಎಂದು ಅದನ್ನು ಪೊಲೀಸಿನವನ ಕೈಗಿತ್ತರು. ಒಳಗೆಲ್ಲ ಪುಡಿಯಾಗಿದ್ದ ಆ ಹಲಗೆಯ ಕೊಯ್ದ ತುದಿಗೆ, ಇನ್ನೂ ಹತ್ತು ಮಳೆಗಾಲ ಬಾಳಲಿ ಎಂಬಂತೆ, ಹಸಿರು ಮದ್ದು ಒಪ್ಪವಾಗಿ ಬಳಿದಿತ್ತು. ಬಳಿದದ್ದು ದೊಡ್ಡಳಿಯನ ತಲೆಗೆ ನೆನಪಿರಲಿಲ್ಲ. ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ.