ದೋಣಿಯಲ್ಲಿ ಬಿಟ್ಟ ಜಾಗ

2003ರಲ್ಲಿ ನಾನು ಗಂಗೊಳ್ಳಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಮಕ್ಕಳಿಗೆ ಹೋಲಿಸಿ ತೋರಿಸಲೆಂದು ಜಪಾನಿನ ಹಳೆಯ ದೋಣಿಚಿತ್ರವಿದ್ದ ಕ್ಯಾಲೆಂಡರ್ ಹಿಡಿದುಕೊಂಡು, ಮೀನು ಮಾರುವ ವನಜಕ್ಕನ ಮನೆಗೋಡೆಯಲ್ಲಿ ಕೆಮ್ಮಣ್ಣಿನಿಂದ ಬರೆದಿದ್ದ ದೋಣಿಯ ಕಾವಿ ಚಿತ್ರವನ್ನು ಹಾಳೆಗೆ ಇಳಿಸಲು ಹೋದೆ. ಜಪಾನಿನದರಲ್ಲಿ ತುಂಬಾ ಸಮುದ್ರ, ಮನುಷ್ಯರು ಅಕ್ಕಿಕಾಳಿನಷ್ಟು. ಗೋಡೆಯದರಲ್ಲಿ ಮನುಷ್ಯರೇ ದೊಡ್ಡವರು. ಸಮುದ್ರವೆಂದರೆ ದೋಣಿಯ ಕೆಳಗೆ ಮೂರು ಗೆರೆ. ದೋಣಿಯ ಹಿಂತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಚಿತ್ರದ ತೂಕ ತಪ್ಪಿದೆ ಎನ್ನಿಸಿ ನನ್ನ ಹಾಳೆಯಲ್ಲಿ ಅಲ್ಲೊಬ್ಬನನ್ನು ಕೂರಿಸಿದೆ.

ವನಜಕ್ಕ ಬಗ್ಗಿ ನೋಡಿದಳು. ಅವಳ ಗಂಡ ಬಚ್ಚ ಕಡಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು, ಮರಳಿರಲಿಲ್ಲ.

“ಅದೆಂತಕ್ಕೆ ತುಂಬ್ಸಿದ್ರಿ ಮಾಷ್ಟ್ರೇ? ಕಡ್ಲಿಗ್ ಹೋದವ್ರ್ ತಿರ್ಗಿ ಬಂದ್ರೆ ಕೂಕಂಬುಕೆ ಬಿಟ್ಟ ಜಾಗ ಅದ್.”

ಕೂಡಲೇ ರಬ್ಬರಿನಿಂದ ಅಳಿಸಿದೆ.

ಮರುದಿನ ಮಧ್ಯಾಹ್ನ ತರಗತಿಯಲ್ಲಿ ಹಾಳೆಯ ಸುರುಳಿ ಬಿಚ್ಚಿದರೆ, ಅಳಿಸಿದ ಜಾಗವಷ್ಟೇ ಒದ್ದೆಯಾಗಿ ಮಂಜುಗಡ್ಡೆಯಂತೆ ತಣ್ಣಗಿತ್ತು. ಮೂರು ದಿನ ಬಿಸಿಲಿಗಿಟ್ಟರೂ ಒಣಗಲಿಲ್ಲ. ಅದನ್ನು ಹಿಡಿದುಕೊಂಡು ವನಜಕ್ಕನ ಮನೆಗೆ ಹೋದೆ. ಅವಳು ಗೋಡೆ ತೋರಿಸಿದಳು.

ಸಮುದ್ರಕ್ಕೆ ಈಗ ನಾಲ್ಕನೆಯ ಗೆರೆಯೊಂದಿತ್ತು. ಅದೂ ಉಳಿದ ಮೂರು ಗೆರೆಗಳಷ್ಟೇ ಹಳೆಯದಾಗಿ ಮಾಸಿತ್ತು. ಅದು ದೋಣಿಯಲ್ಲಿ ಕುಳಿತವರ ತಲೆಯ ಮೇಲೆ ಹಾದುಹೋಗಿತ್ತು.