ವರ್ಷಕ್ಕೆ ಎರಡು ಭಾನುವಾರ

ಫುಟ್‌ಬಾಲ್ ಮೈದಾನದಲ್ಲಿ ನಾನು ತಟ್ಟಿದ ಮೊದಲ ಚಪ್ಪಾಳೆ ಎದುರಾಳಿಗಳ ಗೋಲಿಗೆ ಸಂದಿತು. ಇಪ್ಪತ್ತೆಂಟು ವರ್ಷಗಳ ಹಿಂದಿನ ಮಾತು. ಆಗ ನನಗೆ ನಲವತ್ತೊಂದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ; ಅಂಗಡಿಯ ತಕ್ಕಡಿ ಹತ್ತು ಗ್ರಾಂ ವಾಲಿದರೂ ಕಣ್ಣಳತೆಯಲ್ಲೇ ಹಿಡಿಯಬಲ್ಲೆನೆಂಬ ಹೆಮ್ಮೆ ಮೈತುಂಬ ಇತ್ತು. ಮದುವೆಯ ವಯಸ್ಸು ಫೈಲುಗಳ ನಡುವೆ ಯಾವಾಗ ದಾಟಿ ಹೋಯಿತೆಂಬುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಅಕ್ಕನ ಮಗಳು ಆ ವರ್ಷವಷ್ಟೇ ನಮ್ಮೂರಿನ ಮಹಿಳಾ ತಂಡಕ್ಕೆ ಸೇರಿದ್ದಳು. ದೇಶದ ಅತ್ಯುನ್ನತ ದರ್ಜೆಯಲ್ಲಿ ಆಡುವ ಹತ್ತು ತಂಡಗಳಲ್ಲಿ ಅದೂ ಒಂದು. ಅಕ್ಕನಿಗೆ ಮಂಡಿನೋವು, ಪ್ರಯಾಣ ಆಗದು. "ಪರವೂರಲ್ಲಿ ಅವಳ ಕಡೆಯೋರು ಅಂತ ಒಬ್ರಾದ್ರೂ ಬೇಡ್ವೇನೋ? ನೀನು ಹೋಗಿ ಸುಮ್ನೆ ಕೂತ್ಕೋ, ಸಾಕು," ಎಂದಳು.

ಹೋದೆ. ರೈಲು ತಡವಾಗಿ, ಆಟ ಶುರುವಾದ ಮೇಲೆ ಒಳಹೊಕ್ಕೆ. ನಮ್ಮ ತಂಡದ ಜೆರ್ಸಿ ನೀಲಿ. ವಾರವಾರವೂ ಅಕ್ಕನ ಮನೆಯ ಹಗ್ಗದ ಮೇಲೆ ಒಣಗುವುದನ್ನು ಕಂಡಿದ್ದೆ. ಮೈದಾನದಲ್ಲಿ ಹನ್ನೊಂದು ಜನ ನೀಲಿ, ಹನ್ನೊಂದು ಜನ ಬಿಳಿ. ಆತಿಥೇಯರದ್ದೂ ಅದೇ ಬಣ್ಣವಾದರೆ ಅತಿಥಿಗಳು ಬೇರೆ ಬಣ್ಣ ತೊಟ್ಟು ಬರುತ್ತಾರೆಂಬ ನಿಯಮ ನನಗೇನು ಗೊತ್ತು? ನೀಲಿಯವರು ಗೋಲು ಹೊಡೆದರು. ಎದ್ದು ನಿಂತು ಅಂಗೈ ಕೆಂಪಾಗುವಂತೆ ತಟ್ಟಿದೆ.

ಪಕ್ಕದ ಬೆಂಚಿನಿಂದ ಒಂದು ಧ್ವನಿ ಬಂತು. "ಹೀಗೆ ಎದ್ದು ನಿಂತು ತಟ್ಟೋಳು ಈ ಗ್ಯಾಲರೀಲಿ ನಾನೊಬ್ಳೇ ಅನ್ಕೊಂಡಿದ್ದೆ. ಯಾವ ಬೀದಿ ನಿಮ್ದು?"

ತಿರುಗಿ ನೋಡಿದೆ. ಮೂವತ್ತೇಳು ಮೂವತ್ತೆಂಟರ ಹೆಂಗಸು. ಉಗುರುಗಳ ಸಂದಿನಲ್ಲಿ ಬಿಳಿಯ ಪ್ಲಾಸ್ಟರಿನ ಪುಡಿ. ಕಣ್ಣುಗಳು ನನ್ನ ಮುಖಕ್ಕಿಂತ ತುಸು ಕೆಳಗೆ, ನನ್ನ ಬಾಯಿಯ ಮೇಲೆ ನೆಟ್ಟಿದ್ದವು.

"ನಾನು ಈ ಊರಿನವನಲ್ಲ. ನಮ್ಮಕ್ಕನ ಮಗಳು ಆಡ್ತಿದ್ದಾಳೆ. ನಂಬರ್ ಮೂರು."

"ನಮ್ಮ ನಂಬರ್ ಮೂರು ಡ್ರಿಲ್ ಮೇಷ್ಟ್ರ ಮಗಳಲ್ವಾ?" ಎಂದು ಹುಬ್ಬು ಗಂಟಿಕ್ಕಿದವಳ ದೃಷ್ಟಿ ನಿಧಾನವಾಗಿ ಮೈದಾನದತ್ತ ಹರಿಯಿತು. ಬಿಳಿ ಜೆರ್ಸಿಯ ಹುಡುಗಿಯೊಬ್ಬಳು, ಆಗತಾನೆ ಗೋಲು ಹೊಡೆದವಳಿಂದ ಏಮಾರಿ ಬಿದ್ದವಳು, ಮಂಡಿಯ ಕೆಸರು ಒರೆಸಿಕೊಂಡು ಏಳುತ್ತಿದ್ದಳು. "ಅಗೋ, ಸೊಂಟದ ಮೇಲೆ ಕೈ ಇಟ್ಕೊಂಡು ನಿಮ್ಮನ್ನೇ ನೋಡ್ತಿದಾಳಲ್ಲ, ಅವಳಾ?"

ಅವಳೇ.

ನಾನು ಕುಳಿತೆ. ಪಕ್ಕದವಳು ಬಾಯಿಗೆ ಅಂಗೈ ಅಡ್ಡ ಹಿಡಿದಳು. ಸದ್ದಿಲ್ಲದ ನಗೆ ಭುಜಗಳಿಗಿಳಿದು ಅಲುಗಾಡತೊಡಗಿತು. "ಹೋಗ್ಲಿ ಬಿಡಿ, ನಾನು ಯಾರಿಗೂ ಹೇಳಲ್ಲ."

"ಅವಳು ಹೇಳ್ತಾಳೆ."

"ಹೇಳದೆ ಬಿಡ್ತಾಳಾ," ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ನನ್ನತ್ತ ಸರಿಸಿದಳು. ಅವಮಾನಕ್ಕೆ ಅಷ್ಟು ಸವಿಯಾದ ಚಹಾ ನಾನು ಕುಡಿದದ್ದು ಅದೇ ಮೊದಲು.

ಪ್ರತಿ ತಂಡವೂ ಪ್ರತಿ ತಂಡದೊಡನೆ ಎರಡು ಸಲ ಆಡಬೇಕು: ಒಮ್ಮೆ ನಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ. ಹೀಗಾಗಿ ವರ್ಷಕ್ಕೆ ಎರಡು ಭಾನುವಾರ. ನಾನು ಪರವೂರಿನ ಒಂದು ಪಂದ್ಯವನ್ನೂ ತಪ್ಪಿಸದ ಪ್ರೇಕ್ಷಕನಾಗಿಬಿಟ್ಟೆ. ಈಗ ಆ ಆಟಕ್ಕೆ ಸಾವಿರಗಟ್ಟಲೆ ಜನ ಸೇರುತ್ತಾರೆ, ಹೊರಗಿನವರಿಗೆ ಬೇರೆಯೇ ಗೇಟು, ನಡುವೆ ಕಬ್ಬಿಣದ ಬೇಲಿ. ಆಗ ತಂಡದ ಬಸ್ಸಿನ ಹಿಂದಿನ ಸೀಟುಗಳಲ್ಲಿ ನಾವು ಒಂಬತ್ತೇ ಜನ. ಬೇಕರಿಯವನು, ನಿವೃತ್ತ ನರ್ಸಮ್ಮ, ಗೋಲ್‌ಕೀಪರಿನ ಅಜ್ಜ, ಹೀಗೆ. ನನ್ನನ್ನು 'ತಕ್ಕಡಿ ಸಾಹೇಬ್ರು' ಎನ್ನುತ್ತಿದ್ದರು. ಊರು ತಲುಪಿದ ಮೇಲೆ ಯಾರು ಯಾರ ಪಕ್ಕ ಕೂತರೂ ಕೇಳುವವರಿರಲಿಲ್ಲ.

ಅವಳನ್ನು ಅವಳೂರಿನವರು 'ಹಲ್ಲಕ್ಕ' ಎನ್ನುತ್ತಿದ್ದರು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಾಗ, ಅವನ ಹಲ್ಲಿನ ಲ್ಯಾಬನ್ನು ತಾನೇ ನಡೆಸಲು ನಿಂತವಳು. ದಂತವೈದ್ಯರು ಅಚ್ಚು ತೆಗೆದು ಕಳುಹಿಸಿದರೆ ಇವಳು ಹಲ್ಲಿನ ಸೆಟ್ಟು ಮಾಡಿಕೊಡುವಳು. ತಂಡದ ಹುಡುಗಿಯೊಬ್ಬಳು ಚೆಂಡು ತಗುಲಿ ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದಳಂತೆ. ತಾನು ಮಾಡಿದ ಹಲ್ಲು ಆಟದಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಿಬರೋಣವೆಂದು ಹೋದವಳು, ತಾನೇ ಅಲ್ಲಿ ನಿಂತುಬಿಟ್ಟಳು.

"ನೀವು ನಕ್ಕರೆ ಮೇಲಿನ ನಾಲ್ಕು ಹಲ್ಲು ಮಾತ್ರ ಕಾಣತ್ತೆ," ಎಂದಳು ಒಮ್ಮೆ, ನಮ್ಮೂರಿನ ಮೈದಾನದಲ್ಲಿ. ಅವಳಿಗಾಗಿ ನಾನು ಪೇಪರ್ ಹಾಸಿ ಹಿಡಿದಿಟ್ಟ ಜಾಗದಲ್ಲಿ ಕುಳಿತು. "ಆರಾದ್ರೂ ಕಾಣಬೇಕು."

"ಯಾರು ಮಾಡಿದ ನಿಯಮ ಅದು?"

"ನಾನೇ. ನಮ್ಮೂರಲ್ಲಿ ಅರ್ಧ ಜನ ನಗೋದು ನನ್ನ ಕೈಯಿಂದ. ನಿಮ್ಮಂಥೋರಿಗೆ ಸೆಟ್ಟು ಮಾಡೋದು ಸುಲಭ. ಹಿಂದಿನ ಹಲ್ಲು ಹಾಕದಿದ್ರೂ ಯಾರಿಗೂ ಗೊತ್ತಾಗಲ್ಲ."

"ಇಲಾಖೆಯವನ ಮುಂದೆ ಅಳತೆ ಕಡಿಮೆ ಮಾಡೋ ಮಾತಾಡ್ತಿದೀರಿ. ಕೇಸ್ ಹಾಕ್ತೀನಿ."

"ಹಾಕಿ. ಕೋರ್ಟಿಗೆ ಬರೋ ನೆಪದಲ್ಲಾದ್ರೂ ಈ ಊರಿಗೆ ವರ್ಷದಲ್ಲಿ ಇನ್ನೊಂದು ಸಲ ಬರಬಹುದು."

ಹೀಗೆಂದು ಚೆಂಡಿನತ್ತ ತಿರುಗಿದಳು. ಕಿವಿಯ ತುದಿ ಮಾತ್ರ ಕೆಂಪೇರಿತ್ತು. ಪಂದ್ಯದ ಉಳಿದ ಅರ್ಧ ಗಂಟೆ ನಾನು ಆ ಕಿವಿಯ ತುದಿಯನ್ನೇ ನೋಡಿದೆ. ಯಾರು ಗೆದ್ದರೆಂದು ಆಮೇಲೆ ನರ್ಸಮ್ಮನನ್ನು ಕೇಳಿ ತಿಳಿಯಬೇಕಾಯಿತು.

ಅಷ್ಟಾದರೂ ಆಡಬೇಕಾದ ಮಾತನ್ನು ಆಡಲಿಲ್ಲ. ಪತ್ರ ಬರೆಯಲು ಕಾರಣ ಬೇಕು. ಪಂದ್ಯಕ್ಕೆ ಹೋಗಲು ಬೇಡ. ಪ್ರತಿ ಜೂನಿನಲ್ಲಿ ಹೊಸ ವರ್ಷದ ಪಂದ್ಯಗಳ ಪಟ್ಟಿ ಬರುತ್ತಿತ್ತು. ಅದರಲ್ಲಿ ಆ ಎರಡು ಭಾನುವಾರಗಳನ್ನು ಹುಡುಕಿ, ಡೈರಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರೆ ಮುಂದಿನ ಒಂದು ವರ್ಷ ನನ್ನ ಪಾಲಿಗೆ ಭದ್ರ. ಬೀಳ್ಕೊಡುವಾಗ ಅವಳೂ ಅಷ್ಟೇ: "ಪಟ್ಟಿ ಬರ್ಲಿ, ನೋಡೋಣ." ಅಷ್ಟು ಅಚ್ಚುಕಟ್ಟಾಗಿ ನಮ್ಮನ್ನು ಸೇರಿಸುತ್ತಿದ್ದ ಲೀಗಿನವರನ್ನು ನಂಬಿ ನಾವಿಬ್ಬರೂ ಕೈಕಟ್ಟಿ ಕುಳಿತಿದ್ದೆವು.

ಐದನೆಯ ವರ್ಷ ಆ ಲೀಗಿನವರೇ ಕೈಕೊಟ್ಟರು.

ಕೊನೆಯ ಭಾನುವಾರದ ಪಂದ್ಯ ಅವಳೂರಿನಲ್ಲಿ, ನಮ್ಮಿಬ್ಬರ ತಂಡಗಳ ನಡುವೆಯೇ. ಅಂಕಪಟ್ಟಿಯ ತಳದಲ್ಲಿದ್ದದ್ದೂ ನಮ್ಮೆರಡು ತಂಡಗಳೇ. ಕೊನೆಯ ಸ್ಥಾನದವರು ಸೆಕೆಂಡ್ ಡಿವಿಷನ್ನಿಗೆ ಇಳಿಯಬೇಕು. ನಾವು ಗೆದ್ದರೆ ಅವರು ಕೆಳಗೆ. ಸಮ ಆದರೂ ಸೋತರೂ ನಾವು ಕೆಳಗೆ. ಹಿಂದಿನ ದಿನವೆಲ್ಲ ಲೆಕ್ಕ ಹಾಕಿದ್ದೆ. ಇಬ್ಬರೂ ಮೇಲುಳಿಯುವ ಫಲಿತಾಂಶವೊಂದು ಯಾವ ಮೂಲೆಯಲ್ಲೂ ಇರಲಿಲ್ಲ. ಆ ಸಂಜೆಯ ಮೇಲೆ ನಮಗೆ ಭಾನುವಾರಗಳಿಲ್ಲ. ಹೇಳುವುದಿದ್ದರೆ ಅಂದೇ ಹೇಳಬೇಕು. ಐದು ವರ್ಷ ತಿದ್ದಿ ತೀಡಿ ಇಟ್ಟ ಒಂದು ವಾಕ್ಯ ನನ್ನ ಬಳಿಯಿತ್ತು.

ಅದನ್ನು ಹೇಳಲು ಅವಳ ಮುಖ ಬಿಡುವು ಕೊಡಲಿಲ್ಲ. ಫ್ಲಾಸ್ಕಿನ ಮುಚ್ಚಳ ಬಿಚ್ಚುವುದು, ಮತ್ತೆ ತಿರುಗಿಸುವುದು. ಚಹಾ ಮಾತ್ರ ಬಗ್ಗಿಸಲಿಲ್ಲ. ಒಂದಕ್ಕೆ ಒಂದು ಸಮವಾಗಿದ್ದಾಗ, ಕೊನೆಯ ನಿಮಿಷದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಗುರುತಿನ ಮೇಲಿಟ್ಟವಳು ನನ್ನ ಅಕ್ಕನ ಮಗಳು.

"ನಿಜ ಹೇಳಿ," ಎಂದಳು ಹಲ್ಲಕ್ಕ, ಮೈದಾನದಿಂದ ಕಣ್ಣು ತೆಗೆಯದೆ. "ಅವಳು ಹೊಡೀಲಿ ಅಂತೀರೋ, ತಪ್ಪಲಿ ಅಂತೀರೋ?"

"ಹೊಡೀಲಿ. ನಾನು ಎತ್ತಿ ಆಡಿಸಿದ ಕೂಸು ಅದು."

"ಬೇರೆ ಏನಾದ್ರೂ ಹೇಳಿದ್ರೆ ಎದ್ದು ಹೋಗ್ತಿದ್ದೆ."

ಹೊಡೆದಳು. ನಮ್ಮ ಎಂಟು ಜನ ಬೆಂಚಿನ ಮೇಲೆ ಹತ್ತಿ ಕುಣಿದರು. ಹಲ್ಲಕ್ಕ ಎರಡೇ ಎರಡು ಸಲ, ಮರ್ಯಾದೆಗೆ, ಚಪ್ಪಾಳೆ ತಟ್ಟಿದಳು. ಆಮೇಲೆ ಫ್ಲಾಸ್ಕನ್ನು ಚೀಲಕ್ಕೆ ಹಾಕಿ, ನೆಲದ ಮೇಲೆ ಕುಸಿದಿದ್ದ ತನ್ನ ಹುಡುಗಿಯರತ್ತ ಮೆಟ್ಟಿಲಿಳಿದಳು. ಮೂರನೆಯ ಮೆಟ್ಟಿಲಲ್ಲಿ ನಿಂತು ತಿರುಗಿದಳು. "ಈ ಸಲ ಪಟ್ಟೀಲಿ ನಮ್ಮನ್ನ ಹುಡುಕಬೇಡಿ," ಎಂದು ನಗಲು ನೋಡಿದಳು. ಅವಳೇ ವಿಧಿಸಿದ ಲೆಕ್ಕಕ್ಕೆ ಆ ನಗೆಯಲ್ಲಿ ಎರಡು ಹಲ್ಲೂ ಕಾಣಲಿಲ್ಲ.

ಊರೇ ಅಳುತ್ತಿರುವಾಗ ಗೆದ್ದವರ ಕಡೆಯವನು ಹೆಣ್ಣು ಕೇಳುವುದುಂಟೇ? ನನ್ನ ವಾಕ್ಯವನ್ನು ನುಂಗಿ ಬಸ್ಸು ಹತ್ತಿದೆ.

ಜೂನಿನಲ್ಲಿ ಪಟ್ಟಿ ಬಂತು. ಅಕ್ಕನ ಮಗಳು ಅದನ್ನು ತಂದು ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

"ಮಾಮ, ಸೆಕೆಂಡ್ ಡಿವಿಷನ್ ಪಟ್ಟೀನೂ ತಂದಿದೀನಿ," ಎಂದಳು, ಟೇಪು ಕಚ್ಚಿ ಹರಿಯುತ್ತ. "ಬೇಕಾ?"

"ನನಗ್ಯಾಕದು?"

"ಹೌದಲ್ವಾ, ನಿಮಗ್ಯಾಕೆ. ನೀವು ಐದು ವರ್ಷದಿಂದ ನನ್ನ ಆಟ ನೋಡೋಕೇ ಬರ್ತಿದ್ದಿದ್ದು. ಅಮ್ಮ ಅದನ್ನ ನಂಬಿದಾರೆ ಕೂಡ."

"ನಿಮ್ಮ ಮೊದಲನೇ ಪಂದ್ಯ ಯಾವತ್ತು?"

"ಆಗಸ್ಟ್ ಎರಡನೇ ಭಾನುವಾರ, ಇಲ್ಲೇ. ಅವರದ್ದೂ ಅವತ್ತೇ, ಬೇರೆ ಊರಲ್ಲಿ." ಪಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು. "ಹೋಗಿ ಮಾಮ. ಒಂದು ಪಂದ್ಯ ನೀವು ಕಾಯದಿದ್ರೆ ನಾನೇನು ಕಳೆದುಹೋಗಲ್ಲ."

ಆ ಭಾನುವಾರ ನಸುಕಿಗೇ ಎದ್ದು, ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಹೋದೆ. ಗ್ಯಾಲರಿ ಇಲ್ಲದ ಮೈದಾನ. ಅಂಚಿಗೆ ಉದ್ದದ ಹಲಗೆಗಳು. ಮೂವತ್ತು ಜನರಿದ್ದರು. ಅವಳಿರಲಿಲ್ಲ. ನೀರಿನ ಬಾಟಲಿ ತುಂಬುತ್ತಿದ್ದ, ಅವರ ತಂಡದ ಕಡೆಯ ವಯಸ್ಸಾದ ಹೆಂಗಸೊಬ್ಬಳನ್ನು ಕೇಳಿದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ತಕ್ಕಡಿಯೋರಲ್ವಾ ನೀವು? ಅಯ್ಯೋ ದೇವ್ರೆ. ಅವಳು ಬೆಳಿಗ್ಗೇನೇ ನಿಮ್ಮೂರಿಗೆ ಹೋದ್ಲಲ್ಲಪ್ಪಾ. ಹನ್ನೆರಡು ವರ್ಷದಲ್ಲಿ ನಮ್ಮ ಪಂದ್ಯ ತಪ್ಪಿಸಿದ್ದು ಇದೇ ಮೊದಲು."

ಹಲಗೆಯ ಮೇಲೆ ಕುಳಿತೆ. ಆಟ ಮುಗಿಯುವವರೆಗೂ ಕುಳಿತೆ. ಅವಳ ಪರವಾಗಿ ಯಾರಾದರೂ ಅಲ್ಲಿರಬೇಕಿತ್ತು.

ನಮ್ಮೂರಿನಿಂದ ಅವಳೂರಿಗೆ ಹೋಗುವವರೂ ಅದೇ ಜಂಕ್ಷನ್ನಿನಲ್ಲಿ ಇಳಿಯಬೇಕು. ಅಲ್ಲಿಗೆ ಮರಳಿ ಕಾದು ಕುಳಿತೆ. ಸಂಜೆ ಆರೂವರೆಗೆ ನಮ್ಮೂರಿನ ಗಾಡಿ ಬಂತು. ಮೂರನೆಯ ಬೋಗಿಯಿಂದ ಇಳಿದವಳು ನಾಲ್ಕು ಹೆಜ್ಜೆ ನಡೆದು, ಬೆಂಚಿನ ಮೇಲೆ ನನ್ನನ್ನು ಕಂಡು ನಿಂತಳು. ಅಷ್ಟು ದಣಿದ ಮುಖದಲ್ಲಿ ಅಷ್ಟು ಬೇಗ ಬೆಳಕು ಹತ್ತಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅದನ್ನು ಆರಿಸಲು ಅವಳು ಪಟ್ಟ ಪಾಡನ್ನೂ ಕಂಡೆ.

"ಎಲ್ಲಿ ಹೋಗಿದ್ರಿ?" ಎಂದಳು ಗದರುವವಳಂತೆ. "ನಿಮ್ಮ ಜಾಗದಲ್ಲಿ ಪೇಪರ್ ಹಾಸಿ ತೊಂಬತ್ತು ನಿಮಿಷ ಕಾದೆ."

"ನಿಮ್ಮ ತಂಡದ ಆಟಕ್ಕೆ."

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ನಮ್ಮ ನಡುವೆ ಅವಳ ಚೀಲ. ಸ್ವಲ್ಪ ಹೊತ್ತು ಅದರ ಹಿಡಿಕೆಯನ್ನು ತಿರುಚುತ್ತಿದ್ದು, ಆಮೇಲೆ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಏನಾಯ್ತು ನಮ್ಮೋರ್ದು?"

"ಮೂರು ಸೊನ್ನೆ. ಸೋತರು."

"ನಿಮ್ಮೋರು ಗೆದ್ರು. ನಿಮ್ಮ ಹುಡುಗಿ ಚೆನ್ನಾಗಿ ಆಡಿದ್ಲು. ಪಕ್ಕದಲ್ಲಿ ಇರೋರ್ನ ತಿರುಗಿ ನೋಡಲ್ಲ ಅನ್ನೋದೊಂದೇ ತಪ್ಪು. ವಂಶದಲ್ಲೇ ಬಂದಿರಬೇಕು."

ದೂರದಲ್ಲಿ ಅವಳ ಗಾಡಿಯ ದೀಪ ಕಾಣಿಸಿತು. ಅವಳು ಹಳಿಗಳನ್ನು ನೋಡುತ್ತ ಹೇಳಿದಳು, "ಒಂದೆರಡು ವರ್ಷ. ನಮ್ಮ ಹುಡುಗಿಯರು ಮತ್ತೆ ಮೇಲೆ ಬರ್ತಾರೆ. ಆಗ ಪಟ್ಟೀಲಿ ಸಿಗೋಣ."

ಐದು ವರ್ಷ ತಿದ್ದಿದ ವಾಕ್ಯ ಆ ಕ್ಷಣಕ್ಕೆ ಒಂದಕ್ಷರವೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಇವತ್ತು ಅವರ ಆಟ ಪೂರ್ತಿ ನೋಡಿದೆ. ಹತ್ತು ವರ್ಷ ಆಗತ್ತೆ. ನನಗೀಗಲೇ ನಲವತ್ತಾರು, ಅಷ್ಟು ಕಾಯೋಕೆ ನನ್ನ ಕೈಲಾಗಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅವಳು ನಿಧಾನವಾಗಿ ನನ್ನತ್ತ ತಿರುಗಿದಳು. "ನಮ್ಮೋರ್ನ ಇಷ್ಟು ಹೀನಾಯವಾಗಿ ಬೈದು ಯಾರಾದ್ರೂ ಹೆಣ್ಣು ಕೇಳ್ತಾರೇನ್ರೀ?"

"ಇದ್ದಿದ್ದನ್ನ ಹೇಳಿದೆ."

"ಹತ್ತು ವರ್ಷ?"

"ಹತ್ತು."

ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಅವಳು ಎದ್ದಳು, ಚೀಲವನ್ನು ನನ್ನ ಕೈಗೆ ಕೊಟ್ಟಳು. "ಲ್ಯಾಬ್ ಬಿಟ್ಟು ನಾನೆಲ್ಲೂ ಬರಲ್ಲ. ನಾವು ಮೇಲೆ ಬರೋದು ಅಷ್ಟು ತಡ ಅಂದ್ರೆ, ನೀವೇ ಕೆಳಗೆ ಬರಬೇಕಾಗತ್ತೆ."

"ನಾಳೆ ವರ್ಗಾವಣೆಗೆ ಅರ್ಜಿ ಹಾಕ್ತೀನಿ."

"ಮೊದಲು ಚೀಲ ಹತ್ತಿಸಿ. ಗಾಡಿ ಹೊರಡತ್ತೆ."

ಚೀಲವನ್ನೂ ಹತ್ತಿಸಿದೆ, ನಾನೂ ಹತ್ತಿದೆ. ನನ್ನ ಟಿಕೆಟ್ಟು ಬೇರೆ ಊರಿನದೆಂದು ಮುಂದಿನ ನಿಲ್ದಾಣದವರೆಗೂ ನೆನಪಾಗಲಿಲ್ಲ.

ಅಕ್ಟೋಬರಿನಲ್ಲಿ ವರ್ಗವಾಯಿತು, ನವೆಂಬರಿನಲ್ಲಿ ಮದುವೆ. ಆಮೇಲಿನ ಭಾನುವಾರಗಳನ್ನೆಲ್ಲ ನಾವು ಹಲಗೆಯ ಮೇಲೆ ಕಳೆದೆವು: ಬಿಸಿಲಲ್ಲಿ, ಜಿಟಿಜಿಟಿ ಮಳೆಯಲ್ಲಿ, ಹೆಸರೂ ಕೇಳದ ಊರುಗಳ ಮೈದಾನಗಳಲ್ಲಿ. ಅವಳ ಹುಡುಗಿಯರು ಮತ್ತೆ ಮೇಲೆ ಬಂದದ್ದು ಒಂಬತ್ತನೆಯ ವರ್ಷ. ಒಂದು ವರ್ಷದ ಆ ವ್ಯತ್ಯಾಸವನ್ನು ಅವಳು ಇಂದಿಗೂ ಎತ್ತಿ ಆಡುತ್ತಾಳೆ. ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದ ನಾನು ತಲೆ ತಗ್ಗಿಸಿ ಕೇಳುತ್ತೇನೆ.