ಕಟ್ಟಿಹಾಕಿದ ಹನ್ನೊಂದು ಚೆಂಡು

ಅಂದಾನಿಗೆ ಸಿಟ್ಟು ಬರುವುದೇ ಅಪರೂಪ. ಬಂದರೆ ಮಾತ್ರ ಅದು ಒಂದು ಹೊತ್ತಿನ ಸಿಟ್ಟಲ್ಲ. ಕರಿಮಣ್ಣಿನ ಹೊಲದಲ್ಲಿ ನಿಂತ ನೀರಿನ ಹಾಗೆ ದಿನಗಟ್ಟಲೆ ಇಂಗದೆ ಉಳಿಯುವಂಥದ್ದು.

ಈ ಸಲ ಅದು ಬಂದದ್ದು ಮೈದಾನದ ಎಣ್ಣೂರು ಗೋಲಿನ ಮುಂದೆ ಮೊಣಕಾಲೂರಿ ಕೂತಾಗ. ಎಳೆಯ ಹುಲ್ಲಿನ ತುಂಬ ಬೂಟಿನ ಮುಳ್ಳು ಊರಿದ ತೂತುಗಳು. ಒಂದೆರಡಲ್ಲ, ಹೆಜ್ಜೆಯ ಮೇಲೆ ಹೆಜ್ಜೆ. ಗೋಲಿನ ಎರಡು ಕಂಬಗಳ ನಡುವೆ ಯಾರೋ ದೊಪ್ಪನೆ ಬಿದ್ದು ಹೊರಳಿದ ಗುರುತು.

ಚೆನ್ನೈಯ ಬಡಗಣ ಅಂಚಿನ ತಿರುವೊಟ್ಟಿಯೂರಿನ ಒಂದು ಕಾಲೇಜಿನ ಹಿಂದೆ ಒಂದು ಪುಟ್ಟ ಫುಟ್‌ಬಾಲ್ ಸ್ಟೇಡಿಯಂ ಏಳುತ್ತಿತ್ತು. ಪಡುವಣಕ್ಕೆ ಆರುನೂರು ಜನ ಕೂರುವ ಸಿಮೆಂಟಿನ ಮೆಟ್ಟಿಲು, ಅದರ ಮೇಲೆ ತಗಡಿನ ಸೂರು. ಮೂಡಣ ಗೋಡೆಯಾಚೆ ಸ್ವಲ್ಪ ದೂರದಲ್ಲಿ ಸಮುದ್ರ. ಬಡಗಣ ಗೋಲಿನ ಹಿಂದೆ ಎಣ್ಣೂರಿನ ಚಿಮಣಿಗಳು ಕಾಣುತ್ತಿದ್ದುದರಿಂದ ಕೆಲಸದವರು ಅದಕ್ಕೆ ಎಣ್ಣೂರು ಗೋಲು ಎಂದೇ ಹೆಸರಿಟ್ಟಿದ್ದರು. ಸಿಮೆಂಟು, ಕಬ್ಬಿಣ, ತಗಡು ಎಲ್ಲ ಎಂಜಿನಿಯರ್ ಗಿರಿಧರ್ ಪಾಲು. ಹುಲ್ಲು ಮಾತ್ರ ಅಂದಾನಿಯದು. ಗದಗ ಸೀಮೆಯ ಒಕ್ಕಲುತನದ ಮನೆಯಿಂದ ಬಂದು, ಮೈದಾನಗಳಿಗೆ ಹುಲ್ಲು ಹಚ್ಚುವ ಕಂಪನಿಯಲ್ಲಿ ಮೇಸ್ತ್ರಿಯಾದವನು. ಹನ್ನೆರಡು ಹೆಂಗಸರನ್ನು ಸಾಲಾಗಿ ಕೂರಿಸಿ, ಒಂದೊಂದೇ ಬೇರುಕಡ್ಡಿಯನ್ನು ನೆಡಿಸಿದ್ದ. ನೆಟ್ಟು ಇನ್ನೂ ಇಪ್ಪತ್ತೆರಡು ದಿನ. ಎರಡು ತಿಂಗಳು ಯಾರೂ ಕಾಲಿಡಬಾರದೆಂದು ಸುತ್ತ ಹಗ್ಗ ಕಟ್ಟಿ, ಬೋರ್ಡು ನಿಲ್ಲಿಸಿದ್ದ.

ಮರುದಿನ ಬೆಳಕು ಹರಿಯುವ ಮೊದಲೇ ಬಂದು ಮೆಟ್ಟಿಲ ಮರೆಯಲ್ಲಿ ಕೂತ.

ಹುಡುಗಿಯರು ಬಂದರು. ಮುಂದೆ ಅವರ ಕೋಚ್ ವೀಕ್ಷಾ, ಅವಳೂ ಕನ್ನಡದವಳೇ. ಕೊರಳಲ್ಲಿ ಕಪ್ಪು ದಾರದ ಸೀಟಿ, ಒದ್ದೆ ಕೂದಲು ಬಿಗಿಯಾಗಿ ಹಿಂದಕ್ಕೆ. ಬಾಗಿಲ ಪರದೆ ಸರಿಸುವಷ್ಟು ಸಲೀಸಾಗಿ ಅವಳು ಒಂದೇ ಕೈಯಲ್ಲಿ ಹಗ್ಗ ಎತ್ತಿದಳು. ಹುಡುಗಿಯರು ಒಬ್ಬೊಬ್ಬರಾಗಿ ಅದರಡಿ ನುಸುಳಿದರು.

"ಯಾರ್ರೀ ಹಗ್ಗ ಎತ್ತಿದವರು?"

"ನಾನು." ಅವಳು ಬೆಚ್ಚಲಿಲ್ಲ. ಹಗ್ಗವನ್ನೂ ಕೆಳಗಿಳಿಸಲಿಲ್ಲ.

"ಬೋರ್ಡ್ ಹಾಕೀನಿ, ಕಾಣಂಗಿಲ್ಲೇನು?"

"ಕಾಣ್ತದೆ. ಏಳು ತಿಂಗಳಿಂದ ಬರೀ ನಿಮ್ಮ ಬೋರ್ಡುಗಳನ್ನೇ ನೋಡ್ತಾ ಇದ್ದೇನೆ. ನನ್ನ ಹುಡುಗಿಯರು ಏಳು ತಿಂಗಳಿಂದ ಟಾರು ರೋಡಲ್ಲಿ ಆಡ್ತಿದ್ದಾರೆ. ತೃಷಾ, ಇವ್ರಿಗೆ ನಿನ್ನ ಮೊಣಕೈ ತೋರ್ಸು."

ಗೋಲ್‌ಕೀಪರ್ ತೃಷಾ ಎಣ್ಣೂರಿನ ಮೀನುಗಾರರ ಮನೆಯವಳು. ಮುಂದೆ ಬಂದು ಎರಡೂ ಮೊಣಕೈ ಚಾಚಿದಳು. ಹಕ್ಕಳೆಯ ಮೇಲೆ ಹಕ್ಕಳೆ. "ಪಾರುಂಗ ಅಣ್ಣಾ," ನೋಡಿ ಎಂದು ತಮಿಳಿನಲ್ಲಿ ಅಂದಳು, ಏನೋ ಬಹುಮಾನ ತೋರಿಸುವವಳಂತೆ.

"ಮುಂದಿನ ತಿಂಗಳು ತಾಂಬರಂನಲ್ಲಿ ಝೋನಲ್ ಮ್ಯಾಚ್. ಹುಲ್ಲಿನ ಗ್ರೌಂಡು. ಮೊನ್ನೆ ಮೊನ್ನೆಯ ತನಕ ನನ್ನ ಕೀಪರ್ ಜನ್ಮದಲ್ಲಿ ಒಮ್ಮೆ ಕೂಡ ಹುಲ್ಲಿನ ಮೇಲೆ ಡೈವ್ ಮಾಡ್ಲಿಲ್ಲ. ಈ ವರ್ಷ ಸೋತರೆ ಹುಡುಗಿಯರ ಟೀಮೇ ಬೇಡ ಅಂತ ಆಫೀಸಲ್ಲಿ ಹೇಳಿದ್ದಾರೆ, ಗೊತ್ತುಂಟಾ ನಿಮಗೆ?"

"ನನಗ ಹೆಂಗ ಗೊತ್ತಾಗ್ಬೇಕ್ರಿ? ಬಂದು ಹೇಳೀರೇನು?"

"ಮಣ್ಣಿನ ವಿಷಯ ಬಂದು ಹೇಳಿದ್ದೆ. ಕೇಳಿದ್ರಾ?"

ಅದು ಹಳೆಯ ಗಾಯ. ನಕ್ಷೆಯಲ್ಲಿ ಮೇಲ್ಪದರಕ್ಕೂ ಮರಳೇ ಇತ್ತು. ಆದರೆ ಮರಳಿನಲ್ಲಿ ಬೇರು ಬಿಡುತ್ತದೆಂದರೆ ಅಂದಾನಿಯ ಮನಸ್ಸು ಒಪ್ಪದು. ಗಿರಿಧರರನ್ನು ಒಪ್ಪಿಸಿ, ಎಲ್ಲಿಯದೋ ಕೆರೆಯ ಹೂಳುಮಣ್ಣು ತರಿಸಿ, ಮರಳಿನ ಮೇಲೆ ಒಂದು ಬೆರಳು ದಪ್ಪಕ್ಕೆ ಹರಡಿದ್ದ. ಮುಷ್ಟಿಯಲ್ಲಿ ಹಿಡಿದರೆ ಬೆಣ್ಣೆಯಂಥ ಮಣ್ಣು. ಆವತ್ತು ವೀಕ್ಷಾ ಬಂದು, "ಹಳೇ ಗ್ರೌಂಡಲ್ಲಿ ಎಷ್ಟು ಮಳೆ ಬಂದ್ರೂ ನೀರು ನಿಲ್ತಿರ್ಲಿಲ್ಲ, ಆ ಮರಳನ್ನೇ ಬಿಡಿ," ಎಂದಿದ್ದಳು. "ಚೆಂಡು ನಿಮ್ಮದು, ಮಣ್ಣು ನಮ್ಮದು," ಎಂದು ಅವನು ನಕ್ಕಿದ್ದ. ಆ ನಗುವನ್ನು ಅವಳು ಮರೆತಿರಲಿಲ್ಲ.

ಈಗ ನಗು ಬರಲಿಲ್ಲ. ಬಲೆಚೀಲದಲ್ಲಿದ್ದ ಹನ್ನೊಂದು ಚೆಂಡುಗಳನ್ನು ಎತ್ತಿ ಹೆಗಲಿಗೇರಿಸಿದ.

"ಮೇಯಾಕ ಬಂದ ದನಾ ನಾವು ಕಟ್ಟಿಹಾಕ್ತೀವ್ರಿ. ಬೇಕಾದವರು ಬಂದು ಕೇಳ್ರಿ."

"ದನವಾ?" ಅವಳ ದನಿ ಸಣ್ಣದಾಯಿತು. ಕೂಗಿದ್ದರೇ ವಾಸಿಯಿತ್ತು. "ನನ್ನ ಹುಡುಗಿಯರು ನಿಮಗೆ ದನಗಳಾ?"

ಅವನು ಹೇಳಿದ್ದು ಚೆಂಡಿಗೆ. ಆದರೆ ತಿದ್ದಿ ಹೇಳುವ ವ್ಯವಧಾನ ಸಿಟ್ಟಿಗೆಲ್ಲಿ? ಬೆನ್ನು ತಿರುಗಿಸಿ ನಡೆದ. ಚೆಂಡುಗಳು ಬೆನ್ನ ಮೇಲೆ ಧಬಧಬ ಬಡಿದವು.

ಅವನ ಊರಲ್ಲಿ ಪೈರಿಗೆ ನುಗ್ಗಿದ ದನವನ್ನು ಹೊಡೆಯುವುದಿಲ್ಲ. ಹಿಡಿದು ತಂದು ತಮ್ಮ ಮನೆಯ ಮುಂದೆ ಕಟ್ಟುತ್ತಾರೆ, ಮೇವು ನೀರು ಇಡುತ್ತಾರೆ. ದನದವರು ಬಂದು ಕೇಳಬೇಕು. ಬಂದಾಗ ಜೋರು ಜೋರು ಮಾತಾಗುತ್ತದೆ, ಹಳೆಯದೆಲ್ಲ ಹೊರಬರುತ್ತದೆ, ಕೊನೆಗೆ ಚಹಾ ಆಗುತ್ತದೆ. ಹಗ್ಗ ಬಿಚ್ಚುವ ಹೊತ್ತಿಗೆ ಸಿಟ್ಟೂ ಬಿಚ್ಚಿರುತ್ತದೆ. ಬೇಲಿಯ ಜಗಳಗಳು ಮುಗಿಯುತ್ತಿದ್ದುದೇ ಹಾಗೆ.

ಹಾಗಾಗಿ ಅಂದಾನಿ ತಗಡಿನ ಶೆಡ್ಡಿನಲ್ಲಿ ಚೆಂಡುಗಳನ್ನಿಟ್ಟು ಕಾದ. ಸ್ಟೌವಿನ ಪಕ್ಕ ಎರಡನೆಯ ಲೋಟ ತೊಳೆದಿಟ್ಟ. ಬೈಯಲು ಬರುತ್ತಾಳೆ, ಬರಲಿ, ತಾನೂ ಬೈದೇನು ಎಂದುಕೊಂಡ. ಬಾಗಿಲಲ್ಲಿ ನೆರಳು ಸುಳಿದಾಗೆಲ್ಲ ತಲೆ ಎತ್ತಿದ. ಸಿಟ್ಟಿನವನು ಹೀಗೆ ದಾರಿ ಕಾಯುತ್ತಾನೆಯೇ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಮಾಡಲಿಲ್ಲ.

ಅವಳು ಬರಲಿಲ್ಲ. ಈ ಪದ್ಧತಿ ಚೆನ್ನೈಯಲ್ಲಿ ಬೆಳೆದವಳಿಗೆ ಏನು ಗೊತ್ತು? ಅವಳ ಕಣ್ಣಿಗೆ ಅದು ಶುದ್ಧ ಕಳ್ಳತನ. ನೇರ ಪ್ರಿನ್ಸಿಪಾಲರ ಹತ್ತಿರ ಹೋಗಿ ದೂರು ಕೊಟ್ಟಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಚೆಂಡುಗಳು ಹುಲ್ಲಿನ ಮೇಲೆ ಹೋದದ್ದು ಹೇಗೆ?" ಸುಳ್ಳು ಹೇಳುವುದು ವೀಕ್ಷಾಗೆ ಬಾರದು. ಸಂಜೆಯೊಳಗೆ ತೀರ್ಮಾನವಾಗಿತ್ತು. ಹುಡುಗಿಯರ ಟೀಮ್ ಬಂದ್. ಝೋನಲ್ ಮ್ಯಾಚಿನ ಅರ್ಜಿ ಸಹಿಯಿಲ್ಲದೆ ಪ್ರಿನ್ಸಿಪಾಲರ ಮೇಜಿನ ಮೇಲೆ ಉಳಿಯಿತು. ಅದನ್ನು ಕಳಿಸಲು ಇನ್ನು ಇಪ್ಪತ್ತು ದಿನವಷ್ಟೇ ಇತ್ತು.

ಸುದ್ದಿ ಕೇಳಿ ಅಂದಾನಿಗೆ ಕೆಟ್ಟದೆನಿಸಿತು, ಅದರ ಮೇಲೆ ಸಿಟ್ಟೂ ಬಂತು. ನನ್ನ ಬಾಗಿಲಿಗೆ ಬಂದು ಒಂದು ಮಾತು ಕೇಳಿದ್ದರೆ ಆಗುತ್ತಿರಲಿಲ್ಲವೇ?

ಕಷ್ಟವೆಂದರೆ ಅವನು ದಿನಾ ತಿಂಡಿ ತಿನ್ನುತ್ತಿದ್ದುದು ಅವಳ ಅಪ್ಪ ಸದಾನಂದರ ಹೋಟೆಲಿನಲ್ಲಿ. ಉಡುಪಿ ಕಡೆಯವರು, ಆ ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುವ ಜಾಗ ಅದೊಂದೇ. ಕಾಲೇಜಿಗೆ ಹೋಗುವ ಮುನ್ನ ವೀಕ್ಷಾ ಬಡಿಸಲು ನಿಲ್ಲುತ್ತಿದ್ದಳು.

ಅವಳು ಇಡ್ಲಿ ತಟ್ಟೆಯನ್ನು ಇಟ್ಟ ರಭಸಕ್ಕೆ ಸಾಂಬಾರು ಅವನ ಅಂಗಿಗೆ ಹಾರಿತು.

"ಚಟ್ನಿ?" ಎಂದ.

"ಬೇಕಾದವರು ಬಂದು ಕೇಳ್ಬೇಕು ಅಂತ ನೀವೇ ಹೇಳಿದ್ದಲ್ಲ? ಅಡುಗೆಮನೆ ಅಲ್ಲುಂಟು. ಹೋಗಿ ಕೇಳಿ."

ಗಲ್ಲಾದಿಂದ ಸದಾನಂದರು ಕತ್ತು ಚಾಚಿದರು. "ಎಂತ ಅಂದಾನಿ, ಇಡ್ಲಿ ಗಟ್ಟಿ ಉಂಟಾ ಮಾರಾಯ್ರೆ?"

"ಇಡ್ಲಿ ಮೆತ್ತಗೈತ್ರಿ," ಎಂದ ಅಂದಾನಿ, ಅವಳನ್ನೇ ನೋಡುತ್ತ.

ಅವಳ ಕಿವಿಯ ತುದಿ ಕೆಂಪಾಯಿತು. ಸಿಟ್ಟಿಗೋ ಮತ್ತೊಂದಕ್ಕೋ ತಿಳಿಯಲಿಲ್ಲ. ಅವನ ಕಣ್ಣು ಅವಳ ಕೊರಳಿಗೆ ಇಳಿಯಿತು. ಸೀಟಿ ಇರಲಿಲ್ಲ. ವರ್ಷಗಟ್ಟಲೆ ದಾರ ಕೂತ ಜಾಗದಲ್ಲಿ, ಬಿಸಿಲು ಕಾಣದ ಒಂದು ತೆಳ್ಳನೆಯ ಬಿಳಿ ಗೆರೆ ಮಾತ್ರ ಇತ್ತು. ತಟ್ಟೆಯಲ್ಲಿ ಅರ್ಧ ಇಡ್ಲಿ ಬಿಟ್ಟು ಎದ್ದ. ಮರುದಿನವೂ ಆ ಬರಿಗೊರಳನ್ನೇ ನೋಡಲು ಹೋದ. ಅದರ ಮರುದಿನವೂ.

ಆಮೇಲೊಂದು ಸಂಜೆ ಮೋಡ ಕಟ್ಟಿ, ಎರಡು ತಾಸು ಮಳೆ ಸುರಿಯಿತು. ಬೆಳಿಗ್ಗೆ ಅಂದಾನಿ ಮೆಟ್ಟಿಲ ಮೇಲೆ ನಿಂತು ನೋಡಿದರೆ ಮೈದಾನ ಹೋಗಿ ಕೆರೆಯಾಗಿತ್ತು. ತಗಡಿನ ಸೂರು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಎಣ್ಣೂರು ಗೋಲಿನ ಮುಂದೆ ಮಾತ್ರ ಹನಿ ನೀರೂ ಇಲ್ಲ.

ಮೂರು ದಿನ ನೀರು ಇಂಗಲಿಲ್ಲ. ಐದನೆಯ ದಿನಕ್ಕೆ ಹುಲ್ಲು ಹಳದಿಗೆ ತಿರುಗಿತು. ಎಣ್ಣೂರು ಗೋಲಿನ ಮುಂದೆ ಮಾತ್ರ ಕಣ್ಣು ತಂಪಾಗುವ ಹಸಿರು.

ಅವನು ಕುಡುಗೋಲಿನಿಂದ ಹಳದಿ ಕಡೆ ಒಂದು ತುಂಡು ಕೊಯ್ದು ಎತ್ತಿದ. ಅವನ ಬೆಣ್ಣೆಮಣ್ಣು ಒಣಗಿದ ರೊಟ್ಟಿಯ ಹಾಗೆ ಎದ್ದು ಬಂತು. ಬೇರುಗಳು ಅದರಡಿ ದಾರಿ ಕಾಣದೆ ಮಡಚಿಕೊಂಡು ಕೊಳೆತಿದ್ದವು. ಎಣ್ಣೂರು ಗೋಲಿನ ಕಡೆಯದನ್ನು ಎತ್ತಿದ. ಬೂಟಿನ ಒಂದೊಂದು ತೂತಿನೊಳಗಿಂದಲೂ ಬಿಳಿ ಬೇರು ನೇರವಾಗಿ ಕೆಳಗಿನ ಮರಳಿಗೆ ಇಳಿದಿತ್ತು. ತಾನು ಹಾಳಾಯಿತೆಂದು ಕೂಗಾಡಿದ ಜಾಗವೊಂದೇ ಉಳಿದಿತ್ತು.

ಇಷ್ಟು ದಿನ ಅವಳ ಮೇಲೆ ಕುದಿಯುತ್ತಿದ್ದುದೆಲ್ಲ ಆಗ ತನ್ನ ಮೇಲೇ ತಿರುಗಿಬಿತ್ತು. ಕರಿಮಣ್ಣಿನಲ್ಲಿ ಹುಟ್ಟಿದವನೆಂಬ ಸೊಕ್ಕು. ಬೇರೆ ಊರಿನ ನೆಲವನ್ನು ಆ ನೆಲದವರನ್ನು ಕೇಳದೆ ಮುಚ್ಚಿದವನು. ಕುಡುಗೋಲು ಬಿಸಾಕಿ, ಕೈ ಕೂಡ ತೊಳೆಯದೆ ಪ್ರಿನ್ಸಿಪಾಲರ ಕೋಣೆಗೆ ನಡೆದ. ಒಂದು ಕೈಯಲ್ಲಿ ಹಳದಿ ತುಂಡು, ಇನ್ನೊಂದರಲ್ಲಿ ಹಸಿರು ತುಂಡು.

ಅವರಿಗೆ ಕನ್ನಡ ಬಾರದು, ಇವನ ತಮಿಳು ಸಾಲದು. ಗಿರಿಧರ್ ನಡುವೆ ನಿಂತು ತಮಿಳಿಗೆ ಹೇಳಿದರು. ಸ್ವಲ್ಪ ಕೇಳಿದ ಮೇಲೆ ಅಂದಾನಿ ತಡೆದ.

"ಸರ್, ಮಣ್ಣು ಸರಿ ಇರಲಿಲ್ಲ ಅನ್ನಬ್ಯಾಡ್ರಿ. ನಾನು ಕೆಡಿಸೀನಿ ಅಂತ ಹೇಳ್ರಿ."

"ಏನ್ಪಾ, ಕೆಲಸ ಹೋಗತ್ತೆ ನಿಂದು!"

"ಹೋಗ್ಲಿ ಬಿಡ್ರಿ. ಇದನ್ನೂ ಹೇಳ್ರಿ: ಆ ಹುಡುಗ್ಯಾರು ಹಗ್ಗ ದಾಟದಿದ್ರ, ತಪ್ಪು ನಮಗ ಗೊತ್ತಾಗೂತನಕ ಒಂದ್ ಕಡ್ಡಿನೂ ಉಳೀತಿರಲಿಲ್ಲ. ಮೇಡಂ ಮೊದಲೇ ಹೇಳಿದ್ರು. ನಾನು ನಕ್ಕಿದ್ದೆ."

ಪ್ರಿನ್ಸಿಪಾಲರು ಎರಡೂ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಣ್ಣು ಅವರ ಮೇಜಿನ ಮೇಲೆ, ಸಹಿಯಿಲ್ಲದ ಅರ್ಜಿಯ ಪಕ್ಕದಲ್ಲೇ ಉದುರಿತು. ಉದ್ಘಾಟನೆ ಒಂದೂವರೆ ತಿಂಗಳು ಮುಂದಕ್ಕೆ ಹೋಯಿತು. ಮೈದಾನವಿಡೀ ಚುಚ್ಚಿ ಮರಳು ತುಂಬಿ, ಸರಿಯಾಗುವ ತನಕ ಅಂದಾನಿ ಊರಿಗೆ ಹೋಗುವಂತಿಲ್ಲ. ಎಣ್ಣೂರು ಗೋಲಿನ ಮುಂದೆ ಹುಡುಗಿಯರು ಅಭ್ಯಾಸ ಮಾಡಬಹುದು. ಕೊನೆಗೆ ಅವರು ಅರ್ಜಿಯ ಮೇಲಿನ ಮಣ್ಣು ಊದಿ, ಗಡುವಿಗೆ ಒಂದೇ ದಿನ ಉಳಿದಿರುವಾಗ ಸಹಿ ಹಾಕಿದರು.

ಅವನ ಊರಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಕಟ್ಟಿದವನದೇ ತಪ್ಪೆಂದು ತಿಳಿದರೆ, ಅವನೇ ದನದ ಮೈ ತೊಳೆದು, ಹೊಟ್ಟೆತುಂಬ ಮೇಯಿಸಿ, ನಾಲ್ಕು ಜನರ ಎದುರು ದನದವರ ಬಾಗಿಲಿಗೆ ತಂದು ಕಟ್ಟಬೇಕು.

ಮರುದಿನ ಬೆಳಿಗ್ಗೆ ಹೋಟೆಲು ತುಂಬಿದ್ದ ಹೊತ್ತು. ಅಂದಾನಿ ಬಲೆಚೀಲವನ್ನು ಹೊತ್ತು ಬಾಗಿಲಲ್ಲಿ ನಿಂತ. ಸೋಪಿನಲ್ಲಿ ತೊಳೆದ ಚೆಂಡುಗಳು ಮಿನುಗುತ್ತಿದ್ದವು. ವೀಕ್ಷಾ ಬಂದು ಒಂದನ್ನು ಹೆಬ್ಬೆರಳಿನಿಂದ ಒತ್ತಿದಳು. ತುಂಬು ಗಾಳಿ. ಇನ್ನೊಂದನ್ನು ಒತ್ತಿದಳು.

"ತಪ್ಪಾತ್ರಿ," ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮಣ್ಣಿಂದೂ ತಪ್ಪು, ಚೆಂಡಿಂದೂ ತಪ್ಪು. ದನ ಅಂದಿದ್ದು ಹುಡುಗ್ಯಾರಿಗಲ್ರಿ, ಇವಕ್ಕ." ಕಟ್ಟುವ ಪದ್ಧತಿಯನ್ನೂ, ತೊಳೆದಿಟ್ಟ ಎರಡನೆಯ ಲೋಟವನ್ನೂ ತಡವರಿಸುತ್ತ ಹೇಳಿದ. "ನೀವು ಬರ್ತೀರಿ, ಬೈತೀರಿ ಅಂತ ಕಾದೆ. ದಿನಾ ಕಾದೆ."

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತ್ತು. ಸದಾನಂದರು ಗಲ್ಲಾದಿಂದ ಎದ್ದು, ಏನೂ ಕೇಳಿಸದವರಂತೆ ಅಡುಗೆಮನೆಗೆ ಹೋದರು.

"ಇದನ್ನೆಲ್ಲ ಆವತ್ತೇ ಬಾಯಿಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ಇಪ್ಪತ್ತು ದಿನ ನನ್ನ ಹುಡುಗಿಯರು ಅತ್ತಿದ್ದಾರೆ. ನಾನು..." ಚೆಂಡುಗಳನ್ನು ಎಣಿಸತೊಡಗಿದಳು. ಕಣ್ಣು ಕಿರಿದಾಯಿತು. "ಹತ್ತೇ ಉಂಟು. ಇನ್ನೊಂದೆಲ್ಲಿ?"

"ಅದು ಕಟ್ಟೇ ಐತ್ರಿ," ಎಂದ ಅಂದಾನಿ, ನೆಲ ನೋಡುತ್ತ. "ಬೇಕಾದವರು ಬಂದು ಕೇಳ್ರಿ."

"ಎಂಥಾ ಸೊಕ್ಕು!" ಎಂದಳು ಅವಳು. ಆದರೂ ಹೊರಟವನ ಮುಂದೆ ಚಟ್ನಿಯ ಬಟ್ಟಲನ್ನು ಠಪ್ಪೆಂದು ಇಟ್ಟಳು. "ತಿಂದು ಹೋಗಿ."

ಆ ಸಂಜೆ ಎಣ್ಣೂರು ಗೋಲಿನಿಂದ ಸೀಟಿ ಕೇಳಿಸಿತು. ತೃಷಾ ಹುಲ್ಲಿನ ಮೇಲೆ ಹಾರಿ ಬಿದ್ದು, ಬಿದ್ದಲ್ಲೇ ನಗುತ್ತ ಮಲಗಿದ್ದಳು. ಉಳಿದ ಮೈದಾನದಲ್ಲಿ ಹೆಂಗಸರು ಚುಚ್ಚಿದ ತೂತುಗಳಿಗೆ ಮರಳು ತುಂಬುತ್ತಿದ್ದರು. ಅಂದಾನಿ ಶೆಡ್ಡಿನಲ್ಲಿ ಚಹಾಕ್ಕೆ ನೀರಿಟ್ಟ.

ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದ.

ಕೊರಳಲ್ಲಿ ಸೀಟಿ, ಮುಖದಲ್ಲಿ ಇನ್ನೂ ಆರದ ಸಿಟ್ಟು. ಮೂಲೆಯಲ್ಲಿ ಹನ್ನೊಂದನೆಯ ಚೆಂಡು ಕಂಬಕ್ಕೆ ಕಟ್ಟಿತ್ತು. ಹೋರಿಗೆ ಹಾಕುವಂಥದೇ ಗಂಟು. ಅದರ ಮುಂದೆ ಒಂದು ಹಿಡಿ ಹಸಿ ಹುಲ್ಲು.

ವೀಕ್ಷಾ ನಗಬಾರದೆಂದು ಕೆಳತುಟಿ ಕಚ್ಚಿ ಹಿಡಿದಳು. ಸಿಮೆಂಟಿನ ಚೀಲದ ಮೇಲೆ ಕೂತು, ಎರಡನೆಯ ಲೋಟವನ್ನು ತಾನೇ ಎತ್ತಿಕೊಂಡಳು.

"ದನದವರು ಬಾರದೇ ಹೋದ್ರೆ ಎಂತ ಮಾಡ್ತೀರಿ ನೀವು?"

"ಬರೂತನಕ ಮೇವು ಹಾಕೂದ್ರಿ."

ಅವಳು ಒಂದು ಗುಟುಕು ಕುಡಿದಳು. ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದ ಆ ನೋಟದಲ್ಲಿ ಬೈಗುಳವೂ ಇತ್ತು, ಇಪ್ಪತ್ತು ದಿನಗಳ ಬರಿಗೊರಳೂ ಇತ್ತು, ಅವನು ಇದುವರೆಗೆ ಕಾಣದ ಇನ್ನೊಂದೂ ಇತ್ತು.

"ನನ್ನ ಸಿಟ್ಟು ಇಳೀಲಿಲ್ಲ, ಗೊತ್ತಾಯ್ತಾ? ನಾನು ದಿನಾ ಬಂದು ಕೇಳ್ತೇನೆ." ಲೋಟವನ್ನು ಮತ್ತೆ ತುಂಬಲೆಂದು ಅವನ ಮುಂದೆ ಚಾಚಿದಳು. "ಕೇಳಿದೆ ಅಂತ ಚೆಂಡು ಕೊಟ್ಟುಬಿಟ್ರೆ, ನೋಡಿ ಮತ್ತೆ!"